ಛಾಯಾಚಿತ್ರಗಾರನ ಜೋಳಿಗೆ

ಯಾವ ಕಸುಬನ್ನು ತೆಗೆದುಕೊಂಡರೂ ಅದರ ಮುಖ್ಯವಾದ ಉಪಕರಣದ ಮೇಲೆಯೇ ಲೋಕದ ದೃಷ್ಟಿ ನಿಲ್ಲುವುದು ಸಹಜ. ವೈದ್ಯನೆಂದರೆ ಜನರು ಅವನ ಔಷಧವನ್ನು ನೆನೆಯುತ್ತಾರೆ. ಬಡಗಿಯೆಂದರೆ ಉಳಿಬಾಚಿಗಳನ್ನು ನೆನೆಯುತ್ತಾರೆ. ಪುರೋಹಿತನೆಂದರೆ ಮಂತ್ರವನ್ನು ನೆನೆಯುತ್ತಾರೆ. ಆದರೆ ಹತ್ತಾರು ಮನೆಗಳಲ್ಲಿ ಕಾರ್ಯ ನಡೆಸಿ ಪಳಗಿದ ಪುರೋಹಿತನ ಕೈಚೀಲವನ್ನು ಬಿಚ್ಚಿ ನೋಡಿದವರಿಗೆ, ಅಲ್ಲಿ ದರ್ಭೆ ಪಂಚಾಂಗಗಳ ಪಕ್ಕದಲ್ಲಿ ಒಂದು ಬೆಂಕಿಪೊಟ್ಟಣ, ಒಂದಿಷ್ಟು ಹತ್ತಿ, ಒಂದು ನೂಲಿನ ಉಂಡೆ, ನಾಲ್ಕು ಚಿಲ್ಲರೆ ನಾಣ್ಯಗಳು ಇರುವುದು ಕಂಡುಬರುತ್ತದೆ. ಹೊತ್ತಿಗೆ ಸರಿಯಾಗಿ ಯಜಮಾನನ ಮನೆಯಲ್ಲಿ ಯಾವುದು ಸಿಕ್ಕದೆಂಬುದನ್ನು ಆತನು ಅನುಭವದಿಂದ ಬಲ್ಲನು. ಮಂತ್ರವು ಎಷ್ಟು ಶುದ್ಧವಾಗಿದ್ದರೇನು? ದೀಪ ಹೊತ್ತಿಸಲು ಕಡ್ಡಿಯಿಲ್ಲದಿದ್ದರೆ ಮುಹೂರ್ತವು ಕಾದಿರುವುದಿಲ್ಲ.

ನಾನು ಸಂಸ್ಕೃತ ಪಾಠಶಾಲೆಯಲ್ಲಿ ಕಲಿತವನು. ಅಲ್ಲಿ ಮೀಮಾಂಸೆಯ ಮೊದಲ ಪಾಠಗಳಲ್ಲಿಯೇ ಪ್ರಧಾನ, ಅಂಗ ಎಂಬ ವಿಭಾಗವನ್ನು ಹೇಳಿಕೊಡುತ್ತಿದ್ದರು. ಪ್ರಧಾನವಾದ ಯಾಗವೊಂದು, ಅದಕ್ಕೆ ನೆರವಾಗತಕ್ಕ ಅಂಗಗಳು ಹಲವು. ಅಂಗಗಳಲ್ಲಿ ಮತ್ತೆ ಎರಡು ತೆರ. ಬತ್ತವನ್ನು ಕುಟ್ಟುವುದು, ಅದರ ಮೇಲೆ ನೀರು ಪ್ರೋಕ್ಷಿಸುವುದು ಮೊದಲಾದವು ಯಾಗದ್ರವ್ಯವನ್ನೇ ಮುಟ್ಟಿ ಸಂಸ್ಕಾರ ಮಾಡುತ್ತವೆ, ಇವು ಸನ್ನಿಪತ್ಯೋಪಕಾರಕಗಳು. ಪ್ರಯಾಜವೇ ಮೊದಲಾದವು ದ್ರವ್ಯವನ್ನು ಮುಟ್ಟದೆಯೇ ಫಲಕ್ಕೆ ಒದಗುತ್ತವೆ, ಇವು ಆರಾದುಪಕಾರಕಗಳು. ಈ ವಿಭಾಗವು ಛಾಯಾಚಿತ್ರಗಾರನೊಬ್ಬನ ಚೀಲಕ್ಕೂ ಅನ್ವಯಿಸೀತೆಂದು ನನಗೆ ಪಾಠ ಹೇಳಿದ ಗುರುಗಳು ಎಣಿಸಿರಲಾರರು. ಆದರೆ ಈಚಿನ ವರ್ಷಗಳಲ್ಲಿ ನಾನು ಕಣ್ಣಾರೆ ಕಂಡದ್ದನ್ನು ವಾಚಕರ ಮುಂದೆ ಇಡುವುದಕ್ಕೆ ಇದಕ್ಕಿಂತ ತಕ್ಕ ಕ್ರಮವು ನನಗೆ ತೋರಲಿಲ್ಲ.

ಜಿಲ್ಲೆಯ ವೀರಗಲ್ಲು, ಮಾಸ್ತಿಕಲ್ಲು, ಶಾಸನಗಳ ಪಟಗಳನ್ನು ತೆಗೆಯಿಸಿ ಇಡಬೇಕೆಂದು ನಮ್ಮ ಸಂಘದವರು ನಿಶ್ಚಯಿಸಿದಾಗ, ಅಕ್ಷರಗಳನ್ನು ಓದುವ ಕೆಲಸವು ನಿವೃತ್ತನಾದ ನನ್ನ ಪಾಲಿಗೂ, ಪಟ ತೆಗೆಯುವ ಕೆಲಸವು ನನ್ನ ಹಳೆಯ ಶಿಷ್ಯನೊಬ್ಬನ ಪಾಲಿಗೂ ಬಂದಿತು. ಆತನು ಪೇಟೆಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ ಮುಂಜಿಗಳ ಪಟ ತೆಗೆದು ಜೀವನ ಮಾಡುವವನು. ಬಿಡುವಾದ ಭಾನುವಾರಗಳನ್ನು ಸಂಘಕ್ಕೆ ಕೊಟ್ಟನು. ಹೀಗೆ ನಾವಿಬ್ಬರೂ ಹಾಸನ, ಬೇಲೂರು, ಸಕಲೇಶಪುರದ ಸೀಮೆಗಳಲ್ಲಿ ಹಳ್ಳಿ ಹಳ್ಳಿ ತಿರುಗಿದೆವು. ಆತನ ಬೆನ್ನ ಮೇಲಿನ ಚೀಲವನ್ನು ಒಂದು ದಿನ ಅಂಗಡಿಯೊಂದರ ತಕ್ಕಡಿಯಲ್ಲಿ ಇಡಿಸಿದೆನು. ಎಂಟು ಕಿಲೋ ತೂಗಿತು. ಕ್ಯಾಮರಾ, ಲೆನ್ಸು, ಬ್ಯಾಟರಿಗಳನ್ನು ಹೊರಗೆ ತೆಗೆದಿಟ್ಟ ಮೇಲೂ ಅರ್ಧದಷ್ಟು ಉಳಿಯಿತು.

"ಇದೇನಪ್ಪಾ, ಸಂತೆಯನ್ನೇ ಹೊತ್ತು ತಂದಿದ್ದೀಯೆ!" ಎಂದೆನು.

"ಎಲ್ಲಾ ಸಂತೆಯಲ್ಲಿ ಸಿಕ್ಕುವುದೇ ಮೇಷ್ಟ್ರೇ. ಆದರೆ ನಾವು ಹೋಗುವ ಕಡೆ ಸಂತೆ ಇರುವುದಿಲ್ಲವಲ್ಲ" ಎಂದನು.

ಕ್ಯಾಮರಾವನ್ನೇ ಮುಟ್ಟಿ ಉಪಕಾರ ಮಾಡುವ ವಸ್ತುಗಳನ್ನು ಮೊದಲು ಹೇಳುತ್ತೇನೆ. ರಬ್ಬರಿನ ಊದುಬುರುಡೆಯೊಂದು, ಮೆತ್ತನೆಯ ಕುಂಚವೊಂದು, ನುಣುಪಾದ ಬಟ್ಟೆಯೊಂದು. ಲೆನ್ಸಿನ ಮೇಲೆ ಧೂಳು ಕುಳಿತರೆ ಸಾಮಾನ್ಯರು ಬಾಯಿಂದ ಊದಿ, ಉಟ್ಟ ಬಟ್ಟೆಯ ಅಂಚಿನಿಂದ ಒರಸಿಬಿಡುತ್ತಾರೆ. ಬಾಯಿಂದ ಊದಿದರೆ ಎಂಜಲಿನ ಹನಿಯು ಗಾಜಿಗೆ ತಗಲುತ್ತದೆ. ಧೂಳನ್ನು ಹಾರಿಸದೆ ಒರಸಿದರೆ ಅದರಲ್ಲಿರುವ ಮರಳಿನ ಕಣವೇ ಗಾಜಿನ ಮೇಲಣ ತೆಳುವಾದ ಲೇಪವನ್ನು ಗೀಚುತ್ತದೆ. ಆದಕಾರಣ ಮೊದಲು ಬುರುಡೆಯ ಗಾಳಿ, ಬಳಿಕ ಕುಂಚ, ಕಡೆಗೆ ಬಟ್ಟೆ. ಈ ಕ್ರಮವು ವ್ಯತ್ಯಾಸವಾಗಬಾರದು.

ಇನ್ನು ತೇವದ ಮಾತು. ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ ಬೂಷ್ಟು ಹಿಡಿಯುವುದನ್ನು ವಾಚಕರು ಬಲ್ಲರು. ಲೆನ್ಸಿನ ಒಳಗಣ ಗಾಜಿಗೂ ಅದೇ ಗತಿ. ಒಮ್ಮೆ ಅದು ಬೇರೂರಿತೆಂದರೆ ಗಾಜಿನ ಮೇಲೆ ಜೇಡರಬಲೆಯಂತೆ ಹಬ್ಬುತ್ತದೆ. ತೆಗೆದರೂ ಅದರ ಕಲೆಯು ಉಳಿಯುವುದುಂಟು. ಇದಕ್ಕಾಗಿ ಚೀಲದ ಮೂಲೆಗಳಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನು ಇಟ್ಟಿರುತ್ತಾನೆ. ಔಷಧದ ಸೀಸೆಗಳಲ್ಲಿಯೂ ಹೊಸ ಪಾದರಕ್ಷೆಗಳ ಪೆಟ್ಟಿಗೆಗಳಲ್ಲಿಯೂ ಬರುವ ಹರಳುಗಳೇ ಇವು. ಬಣ್ಣ ಕೊಟ್ಟ ಒಂದು ಜಾತಿಯು ಒಣಗಿರುವಾಗ ನೀಲಿಯಾಗಿದ್ದು ತೇವವನ್ನು ಹೀರಿದಂತೆ ನಸುಗೆಂಪಾಗುತ್ತದೆ. ಹದವಾದ ಕಾವಿಗೆ ಒಡ್ಡಿದರೆ ತಿರುಗಿ ನೀಲಿಗೆ ಬರುತ್ತದೆ. ಬಾಯಿ ಬಿಗಿಯಾಗಿ ಮುಚ್ಚುವ ಪ್ಲಾಸ್ಟಿಕ್ ಚೀಲವೊಂದೂ ಉಂಟು. ತಣ್ಣಗಿರುವ ಕ್ಯಾಮರಾವನ್ನು ಬೆಚ್ಚನೆಯ ತೇವದ ಗಾಳಿಗೆ ಥಟ್ಟನೆ ತಂದರೆ, ತಣ್ಣೀರಿನ ತಂಬಿಗೆಯ ಹೊರಮೈ ಬೆವರುವಂತೆ ಲೆನ್ಸು ಮಂಜಾಗುತ್ತದೆ. ಚೀಲದೊಳಗೆ ಮುಚ್ಚಿಟ್ಟೇ ತಂದು, ಹೊರಗಿನ ಬಿಸುಪಿಗೆ ಅದು ಹೊಂದಿಕೊಂಡ ಮೇಲೆ ತೆರೆದರೆ ಆ ಕಾಟವಿಲ್ಲ; ಬೆವರು ಚೀಲದ ಹೊರಮೈಗೆ ಕಟ್ಟುತ್ತದೆ.

ಎರಡನೆಯ ಗುಂಪಿನವು ಕ್ಯಾಮರಾದ ಒಳಹೊರಗನ್ನು ಶುಚಿಮಾಡತಕ್ಕವಲ್ಲ. ಪಟವು ಚೆನ್ನಾಗಿ ಬರುವುದಕ್ಕೆ ಹೊರಗಿನಿಂದ ಒದಗತಕ್ಕವು. ಒಂದು ಗಟ್ಟಿ ಹುರಿ; ಅದರ ತುದಿಗೆ ಒಂದು ತಿರುಪು. ಹೆಚ್ಚಿನ ಕ್ಯಾಮರಾಗಳ ತಳದಲ್ಲಿ ಕಾಲು ಅಂಗುಲದ ತಿರುಪು ಕೂರುವ ರಂಧ್ರವೊಂದು ಇರುತ್ತದಷ್ಟೆ. ಹುರಿಯನ್ನು ಅದಕ್ಕೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಪಾದದಿಂದ ಮೆಟ್ಟಿ, ಕ್ಯಾಮರಾವನ್ನು ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿದರೆ ಕೈಯ ನಡುಕವು ಎಷ್ಟೋ ಕಡಿಮೆಯಾಗುತ್ತದೆ; ಮುಕ್ಕಾಲಿಯನ್ನು ಊರಲು ಎಡೆಯಿಲ್ಲದ ಕಡೆ ಇದೇ ಮುಕ್ಕಾಲಿ. ಬಟ್ಟೆಯಲ್ಲಿ ಹೊಲಿದ ಒಂದು ಖಾಲಿ ಚೀಲವೂ ಉಂಟು. ಹೋದ ಊರಿನ ಯಾವುದಾದರೊಂದು ಮನೆಯಲ್ಲಿ ಎರಡು ಸೇರು ರಾಗಿಯನ್ನು ಕೇಳಿ ತುಂಬಿಸಿಕೊಂಡು, ಗೋಡೆಯ ಮೇಲೋ ಬಂಡೆಯ ಮೇಲೋ ಇಟ್ಟು, ಕ್ಯಾಮರಾವನ್ನು ಅದರಲ್ಲಿ ಹುದುಗಿಸುತ್ತಾನೆ. ಕೆಲಸವಾದ ಮೇಲೆ ರಾಗಿಯನ್ನು ಅಳೆದು ಹಿಂದಕ್ಕೆ ಕೊಡುತ್ತಾನೆ. ಖಾಲಿ ಹೋಗಿ ಖಾಲಿ ಬರುವ ಈ ಚೀಲಕ್ಕೆ ಭಾರವೇ ಇಲ್ಲ. ಇವಲ್ಲದೆ ಒಂದು ಟಾರ್ಚು, ಬಟ್ಟೆ ಒಣಗಹಾಕುವ ನಾಲ್ಕು ಕ್ಲಿಪ್ಪು, ಅಂಟುಪಟ್ಟಿಯ ಸುರುಳಿ, ಕೊಡೆ, ಬಿಳಿಯ ಪಂಚೆ, ಕಪ್ಪು ಬಿಳುಪು ಪಟ್ಟೆಗಳ ಅಳತೆಗೋಲು, ಸಕಲೇಶಪುರದ ಕಡೆಗೆ ಹೊರಟಾಗ ಇಂಬಳಗಳಿಗಾಗಿ ಉಪ್ಪಿನ ಪೊಟ್ಟಣ. ಕಡೆಯದಾಗಿ ಕ್ಷೌರದಂಗಡಿಯಲ್ಲಿ ಕಾಣುವಂಥ ಒಂದು ಮುಖಗನ್ನಡಿ.

ಈ ಕನ್ನಡಿಯ ಮಹಿಮೆಯನ್ನು ಒಂದು ಪಾಳುಗುಡಿಯಲ್ಲಿ ಕಂಡೆನು. ಕತ್ತಲೆಯ ಅಂಕಣದಲ್ಲಿ ಒಂದು ವೀರಗಲ್ಲನ್ನು ಯಾರೋ ಗೋಡೆಗೆ ಒರಗಿಸಿಟ್ಟಿದ್ದರು. ಅಕ್ಷರಗಳು ಸವೆದು ಕಲ್ಲಿನೊಡನೆ ಸಮವಾಗಿದ್ದವು. ಇಂಥ ಕಡೆ ಸೀಮೆಸುಣ್ಣವನ್ನು ತಿಕ್ಕಿ ಅಕ್ಷರಗಳನ್ನು ಎತ್ತಿ ತೋರಿಸುವ ರೂಢಿಯೊಂದುಂಟು. ಆತನು ಅದನ್ನು ಒಪ್ಪುವುದಿಲ್ಲ. ಸುಣ್ಣವು ಕಲ್ಲಿಗೆ ಹಾನಿಯೆಂಬುದು ಒಂದು ಮಾತು. ತಿಕ್ಕುವವನು ತನಗೆ ಹೇಗೆ ತೋರಿತೋ ಹಾಗೆ ತಿಕ್ಕುತ್ತಾನೆ, ಆಮೇಲೆ ಪಟದಲ್ಲಿ ಕಾಣುವುದು ಕಂಡರಿಸಿದವನ ಅಕ್ಷರವಲ್ಲ, ತಿಕ್ಕಿದವನ ಊಹೆ ಎಂಬುದು ಇನ್ನೊಂದು ಮಾತು. ಆದುದರಿಂದ ಆತನು ಕನ್ನಡಿಯನ್ನು ಊರ ಹುಡುಗನೊಬ್ಬನ ಕೈಗೆ ಕೊಟ್ಟು ಬಾಗಿಲ ಬಿಸಿಲಿನಲ್ಲಿ ನಿಲ್ಲಿಸಿದನು. ಬೆಳಕು ಕಲ್ಲಿನ ಎದುರಿಗೆ ಬೀಳದೆ ಅದರ ಮೈಯನ್ನು ಸವರಿಕೊಂಡು ಪಕ್ಕದಿಂದ ಹಾಯಬೇಕು. ಆಗ ಕೂದಲೆಳೆಯಷ್ಟು ತಗ್ಗಿಗೂ ನೆರಳು ಹುಟ್ಟುತ್ತದೆ. ಹುಡುಗನು ಕನ್ನಡಿಯನ್ನು ಮೆಲ್ಲಗೆ ಓರೆಮಾಡುತ್ತಾ ಬಂದನು. ಒಂದು ಕೋನದಲ್ಲಿ ಎರಡನೆಯ ಸಾಲು ಎದ್ದು ನಿಂತಿತು. ಅದುವರೆಗೆ ಕಲ್ಲಿನ ಬಿರುಕಿನಂತೆ ಕಾಣುತ್ತಿದ್ದದ್ದು ಶಕಟರೇಫವಾಯಿತು. "ತುಱು" ಎಂಬ ಮಾತು ಹೊರಬಂದಿತು. ಊರ ದನಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರೊಡನೆ ಕಾದಿ ಮಡಿದ ಒಬ್ಬ ಮನುಷ್ಯನ ಕಥೆಯು, ಎಷ್ಟೋ ಶತಮಾನಗಳ ಮೇಲೆ, ಅಗ್ಗದ ಕನ್ನಡಿಯೊಂದರಿಂದ ನಮಗೆ ತಿಳಿಯಿತು.

ಮೀಮಾಂಸಕರು ಪ್ರತಿನಿಧಿಯ ವಿಷಯವನ್ನೂ ವಿಚಾರಿಸಿದ್ದಾರೆ. ಸೋಮವು ದೊರೆಯದಿದ್ದರೆ ಪೂತೀಕ, ವ್ರೀಹಿಯು ದೊರೆಯದಿದ್ದರೆ ನೀವಾರ. ಛಾಯಾಚಿತ್ರಗಾರನ ಚೀಲದಲ್ಲಿಯೂ ಒಂದೊಂದು ವಸ್ತುವು ಹತ್ತಕ್ಕೆ ಪ್ರತಿನಿಧಿ. ಮುಕ್ಕಾಲಿಯ ತಿರುಪನ್ನು ಬಿಗಿಯಲು ನಾಣ್ಯವೇ ಸಾಕು. ಬಿಳಿಯ ಪಂಚೆಯನ್ನು ಬಿಸಿಲಿಗೆ ಹರಡಿದರೆ ನೆರಳಿನಲ್ಲಿರುವ ಮುಖಕ್ಕೆ ತಿಳಿಬೆಳಕನ್ನು ಕೊಡುತ್ತದೆ. ಮಳೆ ಬಂದರೆ ಕ್ಯಾಮರಾವನ್ನು ಸುತ್ತಲು ಆಗುತ್ತದೆ. ಸಂಜೆ ಕೆರೆಯ ದಂಡೆಯಲ್ಲಿ ಬುತ್ತಿ ಬಿಚ್ಚುವಾಗ ಮೇಷ್ಟರಿಗೆ ಆಸನವೂ ಆಗುತ್ತದೆ.

ಪೂರ್ವದವರ ಹೊರೆಯನ್ನು ನೆನೆದರೆ ಈ ಎಂಟು ಕಿಲೋ ಏನೂ ಅಲ್ಲ. ಮದರಾಸು ಸೇನೆಯ ಅಧಿಕಾರಿಯಾಗಿದ್ದ ಲಿನಿಯಸ್ ಟ್ರೈಪ್ ಎಂಬಾತನು 1854ರ ಡಿಸೆಂಬರಿನಲ್ಲಿ ನಮ್ಮ ಹಳೇಬೀಡು ಬೇಲೂರುಗಳಿಗೆ ಬಂದು, ದೊಡ್ಡ ಅಳತೆಯ ಕಾಗದದ ನೆಗೆಟಿವ್‌ಗಳ ಮೇಲೆ ಆ ದೇವಾಲಯಗಳ ಪಟ ತೆಗೆದನು. ಅದಕ್ಕೆ ಮೂರು ವರ್ಷಗಳ ಹಿಂದೆ, 1851ರಲ್ಲಿ, ಇಂಗ್ಲೆಂಡಿನ ಫ್ರೆಡರಿಕ್ ಸ್ಕಾಟ್ ಆರ್ಚರನು ಗಾಜಿನ ಫಲಕಕ್ಕೆ ಕೊಲೋಡಿಯನ್ನನ್ನು ಬಳಿಯುವ ವಿಧಾನವನ್ನು ಪ್ರಕಟಿಸಿದ್ದನು. ಆ ಫಲಕವು ಹಸಿಯಾಗಿರುವಾಗಲೇ ಪಟ ತೆಗೆದು, ಹಸಿಯಾಗಿರುವಾಗಲೇ ತೊಳೆದು ಮುಗಿಸಬೇಕು. ಆದುದರಿಂದ ಕತ್ತಲೆಕೋಣೆಯನ್ನೇ ಜೊತೆಯಲ್ಲಿ ಒಯ್ಯದೆ ಗತಿಯಿರಲಿಲ್ಲ. 1855ರಲ್ಲಿ ಕ್ರಿಮಿಯಾದ ಯುದ್ಧಭೂಮಿಗೆ ಹೋದ ರೋಜರ್ ಫೆಂಟನ್ನನು ದ್ರಾಕ್ಷಾರಸದ ವ್ಯಾಪಾರಿಯ ಬಂಡಿಯೊಂದನ್ನು ಕೊಂಡು ಕತ್ತಲೆಕೋಣೆ ಮಾಡಿಕೊಂಡನು. ಆತನೊಡನೆ 5 ಕ್ಯಾಮರಾಗಳೂ 700 ಗಾಜಿನ ಫಲಕಗಳೂ 36 ಪೆಟ್ಟಿಗೆಗಳೂ ಇದ್ದವು. 1863ರಲ್ಲಿ ಹಿಮಾಲಯಕ್ಕೆ ಹೊರಟ ಸ್ಯಾಮ್ಯುಯೆಲ್ ಬೋರ್ನನಿಗೆ ಸುಮಾರು 30 ಮಂದಿ ಹೊರೆಯಾಳುಗಳು ಬೇಕಾದರು. ಈಗ ಯಂತ್ರವು ಅಂಗೈಗೆ ಇಳಿದಿದೆ, ಬಂಡಿಯು ಚೀಲವಾಗಿದೆ. ಆದರೆ ಬೆಳಕು, ಮಳೆ, ಧೂಳು, ಮನುಷ್ಯನ ಮನಸ್ಸು ಇವು ಅಂದು ಇದ್ದಂತೆಯೇ ಇವೆ.

ಚೀಲದಲ್ಲಿ ಇಡಲಾಗದ ಪರಿಕರವೂ ಒಂದುಂಟು. ಅಮೆರಿಕದ ಪ್ರಸಿದ್ಧ ಛಾಯಾಗ್ರಾಹಕ ಆನ್ಸೆಲ್ ಆಡಮ್ಸನು ನ್ಯೂ ಮೆಕ್ಸಿಕೋದ ಹರ್ನಾಂಡೆಜ್ ಎಂಬ ಹಳ್ಳಿಯ ಬಳಿ ಒಂದು ಸಂಜೆ ಹೋಗುತ್ತಿರುವಾಗ, ಮಸಣದ ಶಿಲುಬೆಗಳ ಮೇಲೆ ಇಳಿಬಿಸಿಲೂ ಮೇಲೆ ಚಂದ್ರನೂ ಕೂಡಿದ ನೋಟವನ್ನು ಕಂಡು ಕ್ಯಾಮರಾವನ್ನು ಹೂಡಿದನು. ಬೆಳಕನ್ನು ಅಳೆಯುವ ಮೀಟರು ಕೈಗೆ ಸಿಕ್ಕಲಿಲ್ಲ. ಬಿಸಿಲು ಇನ್ನೇನು ಜಾರುವುದರಲ್ಲಿತ್ತು. ಚಂದ್ರಬಿಂಬದ ಪ್ರಕಾಶದ ಮಾನವು ಆತನಿಗೆ ಬಾಯಲ್ಲಿತ್ತು. ಅದರಿಂದಲೇ ಲೆಕ್ಕಹಾಕಿ ಪಟ ತೆಗೆದನು. ಪಾಠಶಾಲೆಯಲ್ಲಿ ಅಮರಕೋಶವನ್ನೂ ಶಬ್ದಧಾತುಗಳನ್ನೂ ಕಂಠಪಾಠ ಮಾಡಿದವರಿಗೆ ಇದರ ಬೆಲೆ ಹೊಸದಲ್ಲ. ಆದರೆ ಇದೇ ಪಟದ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. ತೆಗೆದ ದಿನವನ್ನು ಆಡಮ್ಸನು ಬರೆದಿಡಲಿಲ್ಲ. ಮುಂದೆ ಒಂದೊಂದು ಸಲ ಒಂದೊಂದು ವರ್ಷವನ್ನು ಹೇಳಿದನು. ಕಡೆಗೆ ಖಗೋಳಗಣಿತವನ್ನು ಬಲ್ಲವರು ಪಟದಲ್ಲಿಯ ಚಂದ್ರನ ಸ್ಥಾನವನ್ನು ಗಣಿಸಿ, ಅದು 1941ರ ನವೆಂಬರ್ 1ರ ಸಂಜೆಯೆಂದು ನಿಶ್ಚಯಿಸಬೇಕಾಯಿತು. ಎಲ್ಲ ಪಟಗಳಲ್ಲಿಯೂ ಚಂದ್ರನಿರುವುದಿಲ್ಲ.

ಇದರಿಂದ ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಸ್ತುವಿಗೆ ಬಂದೆನು. ಶಿಷ್ಯನ ಚೀಲದ ಹೊರಜೇಬಿನಲ್ಲಿ, ಎಲ್ಲಕ್ಕಿಂತ ಬೇಗನೆ ಕೈಗೆ ಸಿಕ್ಕುವ ಕಡೆ, ಒಂದು ಸಣ್ಣ ಪುಸ್ತಕವೂ ದಾರದಿಂದ ಅದಕ್ಕೆ ಕಟ್ಟಿದ ಒಂದು ಸೀಸದಕಡ್ಡಿಯೂ ಇರುತ್ತವೆ. ಶಾಯಿಯು ಮಳೆಯಲ್ಲಿ ಕದಡೀತೆಂದು ಸೀಸದಕಡ್ಡಿ. ಪ್ರತಿಯೊಂದು ಪಟಕ್ಕೂ ದಿನ, ಊರು, ಕಲ್ಲು ನಿಂತ ಜಾಗ, ಅದು ಮುಖಮಾಡಿದ ದಿಕ್ಕು, ತೋರಿಸಿಕೊಟ್ಟವರ ಹೆಸರು, ಇವಿಷ್ಟನ್ನು ಬರೆಯದೆ ಆತನು ಅಲ್ಲಿಂದ ಹೆಜ್ಜೆ ಕೀಳುವುದಿಲ್ಲ. ಬಿ. ಎಲ್. ರೈಸರ ಸಂಪಾದಕತ್ವದಲ್ಲಿ 1902ರಲ್ಲಿ ಹೊರಬಂದ ಹಾಸನ ಜಿಲ್ಲೆಯ ಶಾಸನಸಂಪುಟವನ್ನು ನೋಡಿದವರು, ಪ್ರತಿಯೊಂದು ಶಾಸನದ ಮೇಲೂ ಅದು ಯಾವ ಊರಿನಲ್ಲಿ ಎಲ್ಲಿದೆಯೆಂಬ ಒಂದು ಸಾಲನ್ನು ಕಂಡಿರಬೇಕು. ಶಾಸನದ ಪಾಠಕ್ಕೆ ಎಷ್ಟು ಬೆಲೆಯೋ ಆ ಸಾಲಿಗೂ ಅಷ್ಟೇ ಬೆಲೆ.

ಜನರ ಪಟವಾದರಂತೂ ಈ ಅಂಗವು ಇನ್ನೂ ಹಿರಿದು. 1936ರ ಮಾರ್ಚಿಯಲ್ಲಿ ಡೊರೊಥಿಯಾ ಲ್ಯಾಂಗ್ ಎಂಬ ಮಹಿಳೆಯು ಕ್ಯಾಲಿಫೋರ್ನಿಯಾದ ನಿಪೋಮೊ ಎಂಬಲ್ಲಿ, ಬಟಾಣಿ ಕೀಳಲು ಬಂದ ಕೂಲಿಗಳ ಬಿಡಾರದಲ್ಲಿ, ಮಕ್ಕಳನ್ನು ಅಪ್ಪಿಕೊಂಡು ಕುಳಿತ ತಾಯಿಯೊಬ್ಬಳ ಪಟ ತೆಗೆದಳು. ಲ್ಯಾಂಗಳು ಸಾಮಾನ್ಯವಾಗಿ ವಿವರಗಳನ್ನು ಬರೆದುಕೊಳ್ಳುವವಳೇ. ಆ ದಿನ ಮಾತ್ರ ವಯಸ್ಸನ್ನು ಕೇಳಿದಳು, ಹೆಸರನ್ನು ಕೇಳಲಿಲ್ಲ. ಆ ಪಟವು "ವಲಸೆಯ ತಾಯಿ" ಎಂದು ಲೋಕವನ್ನೆಲ್ಲ ಸುತ್ತಿತು. ಆಕೆ ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬುದು ಲೋಕಕ್ಕೆ ತಿಳಿದದ್ದು 1978ರಲ್ಲಿ, 42 ವರ್ಷಗಳ ಮೇಲೆ. ತನ್ನ ಹೆಸರನ್ನು ಕೇಳಲಿಲ್ಲ, ಪ್ರತಿಯನ್ನು ಕಳುಹಿಸುವೆನೆಂದವರು ಕಳುಹಿಸಲಿಲ್ಲ ಎಂದು ಆಕೆಯು ನೊಂದು ನುಡಿದಳು. ಮುಖವನ್ನು ಎಲ್ಲರೂ ಬಲ್ಲರು, ಮನುಷ್ಯಳನ್ನು ಯಾರೂ ಅರಿಯರು. ಇದು ಕ್ಯಾಮರಾದ ಕೊರತೆಯಲ್ಲ, ಸೀಸದಕಡ್ಡಿಯ ಕೊರತೆ.

ನಮ್ಮ ಸುತ್ತಾಟದಲ್ಲಿ ನಡೆದುದೊಂದನ್ನು ಹೇಳುತ್ತೇನೆ. ಹೆದ್ದಾರಿಯ ಬದಿಯ ಒಂದು ಹಳ್ಳಿಯಲ್ಲಿ ಮನೆಯೊಂದರ ಹಿತ್ತಲಿನಲ್ಲಿ ವೀರಗಲ್ಲಿತ್ತು. ಮನೆಯ ಹಿರಿಯಜ್ಜಿಯು ಕಾರ್ತಿಕದ ಸಂಜೆಗಳಲ್ಲಿ ಅದಕ್ಕೆ ದೀಪವಿಡುತ್ತಿದ್ದಳು. ಕಲ್ಲಿನ ಪಕ್ಕದಲ್ಲಿ ನಿಲ್ಲೆಂದರೆ, ಸೆರಗು ಹರಿದಿದೆ, ಬೇಡ ಎಂದು ಒಳಗೆ ಹೊರಟಳು. ಶಿಷ್ಯನು ಚೀಲದಿಂದ ಎರಡು ಪಿನ್ನುಗಳನ್ನು ತೆಗೆದು ಸೊಸೆಯ ಕೈಗೆ ಕೊಟ್ಟನು. ಮದುವೆಯ ಮನೆಗಳಿಗಾಗಿ ಇಟ್ಟ ಪಿನ್ನು, ಬಾಚಣಿಗೆ, ಕುಂಕುಮದ ಭರಣಿಗಳು ಆ ಚೀಲದಲ್ಲಿ ಯಾವಾಗಲೂ ಇರುತ್ತವೆ. ಸೊಸೆಯು ಸೆರಗನ್ನು ಸರಿಮಾಡಿ ಪಿನ್ನು ಹಾಕಿದಳು. ಅಜ್ಜಿಯು ಬಂದು ಕಲ್ಲಿನ ಮೇಲೆ ಕೈಯಿಟ್ಟು ನಿಂತಳು. ಪಟವಾದ ಮೇಲೆ ಶಿಷ್ಯನು ಆಕೆಯ ಹೆಸರು, ತವರೂರು, ಆ ಮನೆಗೆ ಬಂದ ಕಾಲ, ಕಲ್ಲಿನ ವಿಷಯವಾಗಿ ಅತ್ತೆಯಿಂದ ಕೇಳಿದ್ದು ಎಲ್ಲವನ್ನೂ ಬರೆದುಕೊಂಡನು. "ಬಾವಿಯಿಂದ ಮೂಡಲಿಗೆ ಹನ್ನೆರಡು ಹೆಜ್ಜೆ, ಬಡಗುಮುಖ" ಎಂದು ತಾನೇ ಅಳೆದು ಸೇರಿಸಿದನು.

ನಾಲ್ಕು ತಿಂಗಳ ಮೇಲೆ ಪ್ರತಿಯನ್ನು ಕೊಡಲು ಹೋದಾಗ ಅಜ್ಜಿಯು ತೀರಿಕೊಂಡಿದ್ದಳು. ಮನೆಯಲ್ಲಿ ಆಕೆಯದೆಂದು ಇದ್ದದ್ದು ಗುರುತಿನ ಚೀಟಿಯ ಮೇಲಣ ಹೆಬ್ಬೆಟ್ಟಿನಗಲದ ಮುಖವೊಂದೇ. ಮರುವರ್ಷ ರಸ್ತೆಯನ್ನು ಅಗಲ ಮಾಡಿದರು. ಹಿತ್ತಲು ಹೋಯಿತು, ಬಾವಿಯನ್ನು ಮುಚ್ಚಿದರು, ಕಲ್ಲನ್ನು ಟ್ರ್ಯಾಕ್ಟರಿನಲ್ಲಿ ಹೇರಿ ಶಾಲೆಯ ಅಂಗಳದಲ್ಲಿ ಇಳಿಸಿದರು. ಆಮೇಲೆ, ಅದು ಆ ಮನೆಯ ಕಲ್ಲೇ ಅಲ್ಲ, ಕೆರೆಯ ಏರಿಯ ಮೇಲಿನದು ಎಂದು ಕೆಲವರು ವಾದಿಸಿದರು. ಊರ ಹಿರಿಯರ ಮುಂದೆ ಶಿಷ್ಯನ ಪುಸ್ತಕದ ಆ ಪುಟವನ್ನು ನಾನೇ ಓದಿದೆನು; ಬಾವಿಕಟ್ಟೆಯೂ ಕಲ್ಲೂ ಅಳತೆಗೋಲೂ ಅಜ್ಜಿಯೂ ಒಟ್ಟಿಗೆ ಇದ್ದ ಪಟವನ್ನು ಆತನು ತೋರಿಸಿದನು. ವಾದವು ಅಲ್ಲಿಗೆ ನಿಂತಿತು. ಎಲ್ಲರೂ ಎದ್ದು ಹೋದ ಮೇಲೆ ಸೊಸೆಯು ನಮ್ಮ ಬಳಿಗೆ ಬಂದು, "ನಮ್ಮ ಅತ್ತೆಯ ಮಾತು ಬರೆದಿರುವುದನ್ನು ಇನ್ನೊಂದು ಸಲ ಓದಿ ಸ್ವಾಮಿ" ಎಂದಳು. ಓದಿದೆನು. ಈಗ ಆಕೆಯು ಶಾಲೆಯ ಅಂಗಳದಲ್ಲಿಯೇ ದೀಪವಿಡುತ್ತಾಳೆ.

ಕೈಫೋನಿನಲ್ಲಿ ದಿನವೂ ಸ್ಥಳವೂ ತಾವಾಗಿಯೇ ದಾಖಲಾಗುವುವಲ್ಲ, ಪುಸ್ತಕವೇಕೆ ಎಂದು ಕೇಳುವವರುಂಟು. ದಾಖಲಾಗುವುದು ದಿಟ. ಆದರೆ ಆ ಪಟವನ್ನು ವಾಟ್ಸಾಪಿನಲ್ಲಿ ಚಿತ್ರವಾಗಿ ಕಳುಹಿಸಿದಾಗ ಆ ವಿವರಗಳು ಅದರೊಡನೆ ಹೋಗುವುದಿಲ್ಲ. ನೆಂಟರಿಂದ ನೆಂಟರಿಗೆ ಸಾಗುವುದು ಬರಿಯ ಮುಖ. ಹೆಸರನ್ನೂ ನಂಟನ್ನೂ ಹೇಳಿದ ಮಾತನ್ನೂ ಯಾರಾದರೂ ಬರೆದರೆ ಮಾತ್ರ ಉಂಟು. ನಮ್ಮ ಮನೆಯ ಗೋಡೆಯ ಮೇಲೆ ನನ್ನ ತಂದೆಯವರ ಪಾಠಶಾಲೆಯ ಪಟವೊಂದಿದೆ. ಹತ್ತೊಂಬತ್ತು ಮಂದಿ ಮೂರು ಸಾಲಾಗಿ, ಶಲ್ಯ ಹೊದೆದು ನಿಂತೂ ಕುಳಿತೂ ಇದ್ದಾರೆ. ತಂದೆಯವರು ಎರಡನೆಯ ಸಾಲಿನ ಕೊನೆಯಲ್ಲಿದ್ದಾರೆ. ನಡುವೆ ಕುಳಿತವರು ಅವರ ಗುರುಗಳು. ಉಳಿದ ಹದಿನೇಳು ಮಂದಿಯ ಗುರುತು ಹೇಳಬಲ್ಲವರು ಈಗ ಯಾರೂ ಇಲ್ಲ. ಪಟದ ಬೆನ್ನಿನ ಮೇಲೆ ಬರವಣಿಗೆಯಿಲ್ಲ.

ಆದಕಾರಣ ವಾಚಕರಲ್ಲಿ ನನ್ನ ಬಿನ್ನಹವಿಷ್ಟೆ. ಬರುವ ಹಬ್ಬಕ್ಕೆ ಮನೆಮಂದಿಯೆಲ್ಲ ಸೇರಿದಾಗ ಹಳೆಯ ಪಟಗಳನ್ನು ಕೆಳಗಿಳಿಸಿ, ಹಿರಿಯರೊಬ್ಬರನ್ನು ನಡುವೆ ಕೂರಿಸಿಕೊಂಡು, ಒಬ್ಬೊಬ್ಬರ ಹೆಸರನ್ನು ಕೇಳಿ ಬರೆಯಿರಿ. ಹಳೆಯ ಕಾಗದದ ಪಟವಾದರೆ ಅದನ್ನು ಬೋರಲು ಮಲಗಿಸಿ, ಬೆನ್ನಿನ ಅಂಚಿನಲ್ಲಿ ಮೆತ್ತನೆಯ ಸೀಸದಕಡ್ಡಿಯಿಂದ ಹಗುರವಾಗಿ ಬರೆಯಬೇಕು. ಒತ್ತಿ ಬರೆದರೆ ಮುಂಬದಿಯಲ್ಲಿ ಗೆರೆ ಮೂಡುತ್ತದೆ. ಶಾಯಿಯಾದರೆ ಊರಿ ಈಚೆಗೆ ಬರುವ ಭಯವುಂಟು. ಈಚಿನ ಹೊಳಪಿನ ಪಟಗಳ ಬೆನ್ನಿಗೆ ಸೀಸವು ಹತ್ತದು. ಅವುಗಳನ್ನು ಹಾಕಿಟ್ಟ ಲಕೋಟೆಯ ಮೇಲೆ ಬರೆದರಾಯಿತು. ಎಡದಿಂದ ಬಲಕ್ಕೆ, ಮೇಲಿನ ಸಾಲಿನಿಂದ ಕೆಳಗಿನ ಸಾಲಿಗೆ, ಹೆಸರು, ಊರು, ವರ್ಷ. ಗೊತ್ತಿಲ್ಲದವರ ಜಾಗವನ್ನು ಖಾಲಿ ಬಿಡಿ. ಮುಂದೆ ಬರುವ ನೆಂಟರಲ್ಲಿ ಯಾರಾದರೂ ತುಂಬಿಯಾರು.